ಸತ್ತ ಸುದ್ದಿ ವಾಪಸ್ ತಗೊಳ್ರಿ

ಗುಡ್ಡದಹಟ್ಟಿ, ಕೂಡ್ಲಿಗಿ ತಾಲೂಕು
೫ ಮಾರ್ಚ್ ೨೦೨೫

ನಾಡಂಗಳ ಸರ್ಕಾರಿ ಟಿವಿಯ ಸಾಹೇಬರಿಗೆ,

ಎರ್ರೆಮ್ಮನ ಸೊಸೆ ಲಕ್ಷ್ಮಿದೇವಿ ಮಾಡುವ ನಮಸ್ಕಾರ. ಇವತ್ತು ಬೆಳಗಿನ ಜಾವ ನನಗೆ ಕೆಟ್ಟ ಕನಸು ಬಿತ್ತು. ನಮ್ಮ ಮನೆಯ ಟಿವಿಗೆ ಯಾರೋ ಹೂವಿನ ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ಒಳಗೆ ನಮ್ಮ ಅತ್ತೆ ಕೂತು "ಲಕ್ಷ್ಮೀ, ನೀರು ಕೊಡವ್ವ" ಅಂತ ಕೇಳುತ್ತಿದ್ದಳು. ನಾನು ತಂಬಿಗೆ ಹಿಡಿದುಕೊಂಡು ಟಿವಿಯ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದೆ. ಒಳಗೆ ಹೋಗಲು ದಾರಿಯೇ ಇರಲಿಲ್ಲ. ಎಚ್ಚರವಾಗಿ ಹೊರಗೆ ಬಂದು ನೋಡಿದರೆ ಅತ್ತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಆದರೂ ಒಂದು ತಂಬಿಗೆ ನೀರು ತಂದು ಕುಡಿಸಿದೆ. ಆ ಕನಸು ಸುಮ್ಮನೆ ಬಿದ್ದದ್ದಲ್ಲ, ನಿಮ್ಮಿಂದ ಬಿದ್ದದ್ದು.

ನೀವು ತಿಂಗಳಿಗೊಮ್ಮೆ "ಈ ತಿಂಗಳು ತಪ್ಪದೆ ನೋಡಿ" ಅಂತ ಒಂದು ಹಾಳೆ ಕಳಿಸುತ್ತೀರಿ. ನಮ್ಮ ಪಂಚಾಯಿತಿ ಗ್ರಂಥಾಲಯದ ಬೋರ್ಡಿಗೆ ಅದನ್ನು ಹಚ್ಚುತ್ತಾರೆ. ಈ ತಿಂಗಳ ಹಾಳೆಯಲ್ಲಿ ಮೊದಲು ಕುರಿ ಸಾಕಣೆ, ಆಮೇಲೆ ಹೊಳೆ ಮೀನು, ಅದರ ಕೆಳಗೆ ಕಪ್ಪು ಚೌಕಟ್ಟಿನಲ್ಲಿ ನಮ್ಮ ಅತ್ತೆಯ ಫೋಟೋ. "ಬೀಸುಕಲ್ಲಿನ ದನಿ. ದಿವಂಗತ ಎರ್ರೆಮ್ಮ ಅವರ ಸೋಬಾನೆ ಪದಗಳು. ಮಾರ್ಚ್ ಕೊನೆಯ ಭಾನುವಾರ ಸಂಜೆ." ಅಷ್ಟು ಸಾಲದು ಅಂತ ದಿನಾ ಸಂಜೆ ವಾರ್ತೆಗೆ ಮುಂಚೆ ಒಬ್ಬ ಹೆಣ್ಣುಮಗಳು ಅದನ್ನೇ ಸೋತ ದನಿಯಲ್ಲಿ ಓದುತ್ತಾಳೆ.

ಯಾರ್ರಿ ನಿಮಗೆ ಹೇಳಿದ್ದು? ನಮ್ಮ ಮನೆಗೆ ಬಂದು ನೋಡಿದ್ದಿರಾ? ಹೋದ ಡಿಸೆಂಬರಿನಲ್ಲಿ ನಿಮ್ಮ ಕ್ಯಾಮೆರಾದವರು ಬಂದಾಗ ಅತ್ತೆ ಹಾಡಿದ್ದಷ್ಟೇ ಅಲ್ಲ, ಅವರಿಗೆ ಜೋಳದ ರೊಟ್ಟಿ ಬಡಿದು ಹಾಕಿದಳು. ತಿಂದವರಿಗೆ ನೆನಪಿಲ್ಲವೇ?

ಅತ್ತೆಗೆ ಓದಲು ಬರುವುದಿಲ್ಲ. ನಾನು ಬಚ್ಚಿಡಬೇಕು ಅಂತಿದ್ದೆ. ಅಷ್ಟರಲ್ಲಿ ಹಟ್ಟಿಯವರೆಲ್ಲ ಬಂದು ಹೇಳಿಬಿಟ್ಟರು. ಅವಳು ಕೇಳಿದ್ದು ಇಷ್ಟೇ: "ನನ್ನ ಹೂಳಿದ್ರೋ, ಸುಟ್ಟರೋ? ಅದನ್ನಾದ್ರೂ ಬರದಾರೇನು ನೋಡು."

ನಿಮ್ಮ ನಂಬರಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಯಂತ್ರ ಮಾತಾಡುತ್ತದೆ. ಬದುಕಿದವರನ್ನು ಸತ್ತರು ಅಂದಿದ್ದಕ್ಕೆ ಯಾವುದನ್ನು ಒತ್ತಬೇಕೋ ಹೇಳುವುದಿಲ್ಲ. ಅದಕ್ಕೇ ಕಾಗದ ಬರೆದಿದ್ದೇನೆ. ನಾನು ಆರನೇ ಕ್ಲಾಸಿನ ನಡುವೆ ಬಿಟ್ಟವಳು. ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲಿಕ್ಕೆ ಶಾಲೆ ಬಿಡಿಸಿದರು. ತಪ್ಪಿದ್ದರೆ ತಿದ್ದಿ ಓದಿರಿ, ಆದರೆ ಓದಿರಿ.

ಇಂತಿ,
ಲಕ್ಷ್ಮಿದೇವಿ


ನಾಡಂಗಳ ವಾಹಿನಿ, ಪ್ರಕಟಣಾ ವಿಭಾಗ
ಬೆಂಗಳೂರು
೧೩ ಮಾರ್ಚ್ ೨೦೨೫

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಹಿರಿಯ ಗಾಯಕಿ ಎರ್ರೆಮ್ಮ ಅವರ ಅಗಲಿಕೆಯಿಂದ ನಾಡಿನ ಜನಪದ ಲೋಕ ಬಡವಾಗಿದೆ. ತಮ್ಮ ಕುಟುಂಬದ ದುಃಖದಲ್ಲಿ ವಾಹಿನಿಯೂ ಪಾಲುದಾರ. ಅವರ ಭಾವಚಿತ್ರಕ್ಕೆ ಗೌರವಾರ್ಥವಾಗಿ ಒಂದು ಶಾಲನ್ನು ಪ್ರತ್ಯೇಕ ಅಂಚೆಯಲ್ಲಿ ಕಳುಹಿಸಲಾಗಿದೆ. ಸ್ವೀಕರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ದಾಕ್ಷಾಯಣಮ್ಮ


ಗುಡ್ಡದಹಟ್ಟಿ
೧೯ ಮಾರ್ಚ್ ೨೦೨೫

ದಾಕ್ಷಾಯಣಮ್ಮ ಮೇಡಂ ಅವರಿಗೆ,

ನೀವು ಹೆಣ್ಣುಮಗಳು ಅಂತ ಹೆಸರು ನೋಡಿ ಸಮಾಧಾನವಾಗಿತ್ತು. ಕಾಗದ ಓದಿದ ಮೇಲೆ ಹೊಟ್ಟೆ ಉರಿಯಿತು. ನಾನು ಅತ್ತೆ ಬದುಕಿದ್ದಾಳೆ ಅಂತ ಬರೆದರೆ ನೀವು ಅಗಲಿಕೆ ಅಂತ ಬರೆಯುತ್ತೀರಿ. ಬೆಂಗಳೂರಿನಲ್ಲಿ ಕಾಗದವನ್ನು ಒಡೆಯದೆ, ಮೇಲೆ ಕೈ ಆಡಿಸಿ ಓದುತ್ತಾರಾ?

ಶಾಲೂ ಬಂತು. ಅಂಚೆಯವನು ಮೈಲಪ್ಪ ಅದನ್ನು ಅತ್ತೆಯ ಕೈಗೇ ಕೊಟ್ಟು, "ತಗೋ ಅಮ್ಮ, ನೀ ಸತ್ತಿದ್ದಕ್ಕ ಸರ್ಕಾರ ಕೊಟ್ಟೈತಿ" ಅಂದ. ಅತ್ತೆ ಬಿಡಿಸಿ ನೋಡಿ, "ಇದ್ದಾಗ ಒಂದು ಕರ್ಚೀಪು ಕೊಡಲಿಲ್ಲ ಮುಂಡೇವು" ಅಂದು ಅದನ್ನು ಹುಣಸೆಹಣ್ಣಿನ ಬುಟ್ಟಿಗೆ ಮುಚ್ಚಿದಳು. ನಗಬೇಡಿ. ಇದು ನಗುವ ವಿಷಯವಲ್ಲ, ಯಾಕೆ ಅಂತ ಹೇಳುತ್ತೇನೆ.

ನಿನ್ನೆ ಹಲವಾಗಲಿನಿಂದ ಬೊಮ್ಮಪ್ಪ ಅನ್ನುವವರು ಬಂದಿದ್ದರು. ಅವರ ಮಗಳ ಮದುವೆಗೆ ಸೋಬಾನೆ ಹಾಡಲು ಅತ್ತೆಗೆ ಮೊದಲೇ ವೀಳ್ಯ ಕೊಟ್ಟು ಹೋಗಿದ್ದರು. ಈ ಐದು ತಾಲೂಕಿನಲ್ಲಿ ಅತ್ತೆ ಅರಿಶಿಣದ ಪದ ಎತ್ತಿದ ಮೇಲೇ ಮದುಮಗಳ ಕೆನ್ನೆಗೆ ಅರಿಶಿಣ ಮುಟ್ಟಿಸುವ ಮನೆಗಳು ಬೇಕಾದಷ್ಟಿವೆ. ಬೊಮ್ಮಪ್ಪ ಚಹಾ ಮುಗಿಯುವ ತನಕ ಬಿಸಿಲಿನ ಮಾತಾಡಿದರು. ಆಮೇಲೆ ಲೋಟ ಕೆಳಗಿಟ್ಟು,

"ಎರ್ರೆಮ್ಮಕ್ಕ, ನೀ ಬೇಜಾರ್ ಮಾಡ್ಕಬ್ಯಾಡ. ಗಂಡಿನ ಕಡೇರು ಆ ಹಾಳಿ ನೋಡ್ಯಾರ," ಅಂದರು.

"ನೋಡ್ಲಿ ಬಿಡು. ಫೋಟೋ ಚಲೋ ಬಂದೈತಂತಲ್ಲ?"

"ಫೋಟೋದ್ದಲ್ಲಕ್ಕ. ಸತ್ತಾರ ಅಂತ ನಾಡಿಗೆಲ್ಲ ಸಾರಿದೋರ ಬಾಯಿಂದ ಅರಿಶಿಣದ ಪದ ಹೆಂಗ ಹಾಡಿಸಾದು ಅಂತಾರ."

"ನಿನ್ನ ಮುಂದನ ಕುಂತೀನಲ್ಲಲೇ ಬೊಮ್ಮ. ಬೇಕಾದ್ರ ಚಿವುಟಿ ನೋಡು."

"ನಂಗ್ ಗೊತ್ತಕ್ಕ. ಅವ್ರಿಗೆ ಗೊತ್ತಿಲ್ಲ."

"ಹಂಗಾರ ಅವ್ರನ್ನೂ ಕರ್ಕಂಬಾ. ಸಾಲಾಗಿ ನಿಂತು ಚಿವುಟ್ಲಿ."

ಅವರು ವೀಳ್ಯದ ಮಾತು ವಾಪಸ್ ತಗೊಂಡು ಎದ್ದು ಹೋದರು. ಅತ್ತೆ ಹುಣಸೆಹಣ್ಣು ಕುಟ್ಟಲು ಕೂತಳು. ಬೀಜ ಬಿಡಿಸುವಾಗ ಅವಳ ಬಾಯಲ್ಲಿ ಏನಾದರೊಂದು ಪದ ಇದ್ದೇ ಇರುತ್ತದೆ. ನಿನ್ನೆ ಮರದ ಕೊಡತಿಯ ಸದ್ದೊಂದೇ ಕೇಳುತ್ತಿತ್ತು. ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಆ ಸದ್ದು ಎದೆಗೆ ಬಿದ್ದಂತೆ ಆಗುತ್ತಿತ್ತು.

ಕಾರ್ಯಕ್ರಮ ಬರುವ ಭಾನುವಾರ ಹತ್ತಿರ ಬಂತು. ಅದೂ ಹಾಗೇ ಬಂದರೆ ಮುಗಿದೇಹೋಯಿತು. ತಡೆಯಿರಿ. ಮತ್ತು ನಿಮಗೆ ಹೇಳಿದವರು ಯಾರು ಅನ್ನುವುದನ್ನು ಬರೆಯಿರಿ.

ಲಕ್ಷ್ಮಿದೇವಿ


ನಾಡಂಗಳ ವಾಹಿನಿ, ಪ್ರಕಟಣಾ ವಿಭಾಗ
ಬೆಂಗಳೂರು
೨೬ ಮಾರ್ಚ್ ೨೦೨೫

ಶ್ರೀಮತಿ ಲಕ್ಷ್ಮಿದೇವಿ ಅವರಿಗೆ,

ತಮ್ಮ ಎರಡನೆಯ ಪತ್ರ ಓದಿದೆ. ಮೊದಲನೆಯದನ್ನೂ ಹುಡುಕಿ ತೆಗೆದು ಓದಿದೆ. ಕಚೇರಿಯಲ್ಲಿ ಅದನ್ನು ಸಂತಾಪದ ಪತ್ರಗಳ ಜೊತೆ ಸೇರಿಸಿದ್ದರು, ನಾನು ಓದದೆ ಸಹಿ ಹಾಕಿದ್ದೆ. ದಯವಿಟ್ಟು ಕ್ಷಮಿಸಿ.

ಈ ಭಾನುವಾರದ ಪ್ರಸಾರವನ್ನು ತಡೆದಿದ್ದೇವೆ. ಸಂಜೆಯ ಓದನ್ನೂ ನಿಲ್ಲಿಸಿದ್ದೇವೆ. ಮುಂದಿನ ಹಾಳೆಯಲ್ಲಿ "ದಿವಂಗತ" ಎಂಬ ಪದವನ್ನೂ ಕಪ್ಪು ಚೌಕಟ್ಟನ್ನೂ ತೆಗೆಯುತ್ತೇವೆ. ಆದರೆ ಸುದ್ದಿ ನಮಗೆ ಬಂದದ್ದು ತಮ್ಮ ಕುಟುಂಬದವರಿಂದಲೇ ಎಂಬುದನ್ನು ತಿಳಿಸಬೇಕಾಗಿದೆ. ಅವರ ಹೆಸರನ್ನು ಹೇಳುವುದು ಸರಿಯಲ್ಲ. ಎರ್ರೆಮ್ಮ ಅವರು ಬದುಕಿರುವ ಬಗ್ಗೆ ಗ್ರಾಮ ಪಂಚಾಯಿತಿಯಿಂದ ಒಂದು ದೃಢೀಕರಣ ಕಳಿಸಿದರೆ ಮೇಲಿನವರ ಒಪ್ಪಿಗೆ ಪಡೆಯಲು ಅನುಕೂಲವಾಗುತ್ತದೆ.

ದಾಕ್ಷಾಯಣಮ್ಮ


ಗುಡ್ಡದಹಟ್ಟಿ
೪ ಏಪ್ರಿಲ್ ೨೦೨೫

ಮೇಡಂ ಅವರಿಗೆ,

ಸತ್ತರು ಅನ್ನುವಾಗ ಯಾವ ದೃಢೀಕರಣ ಕೇಳಿದ್ದಿರಿ? ಬದುಕಿದ್ದಾರೆ ಅನ್ನುವುದಕ್ಕೆ ಮಾತ್ರ ಬೇಕಾ? ಆದರೂ ಪಂಚಾಯಿತಿಗೆ ಹೋದೆ. ಅಲ್ಲಿನ ಗುಮಾಸ್ತ ಕಪಾಟೆಲ್ಲ ತಡಕಾಡಿ, "ಸತ್ತೋರಿಗೆ ಕೊಡಾಕ ಫಾರಂ ಐತವ್ವ. ಬದುಕಿದೋರು ಇಲ್ಲಿತನಕ ಯಾರೂ ಕೇಳಿಲ್ಲ" ಅಂದ. ಅತ್ತೆ ಜೊತೆಗೇ ಬಂದಿದ್ದಳು. "ಹಂಗಾರ ನನ್ನನ್ನ ಕಳಿಸ್ತಾಳ ನನ್ನ ಸೊಸಿ, ಸ್ಟಾಂಪ್ ಹಚ್ಚು" ಅಂದು ಹಣೆ ಮುಂದೆ ಮಾಡಿದಳು. ಕೊನೆಗೆ ಬಿಳಿ ಹಾಳೆಯ ಮೇಲೆ ಬರೆದು ಸೀಲು ಒತ್ತಿಕೊಟ್ಟ. ಇದರ ಜೊತೆ ಇಟ್ಟಿದ್ದೇನೆ.

ಈಗ ಕುಟುಂಬದವರು ಅಂದಿರಲ್ಲ, ಅದನ್ನು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಬೆಂಗಳೂರಿನವರು ಆಡಿಕೊಂಡು ನಗುತ್ತೀರಿ ಅಂತ ಬಿಟ್ಟಿದ್ದೆ. ಸಂಕ್ರಾಂತಿ ಆದಮೇಲೆ ಒಂದು ದಿನ ಅತ್ತೆ ಮರದ ಕೆಳಗೆ ಕೂತಿದ್ದಾಗ ಕಾಗೆಯೊಂದು ಬಂದು ಅವಳ ತಲೆಯ ಮೇಲೆ ಕೂತು ಹೋಯಿತು. ನಮ್ಮಲ್ಲಿ ಅದು ಸಾವಿನ ಸೂಚನೆ. ಅದು ತಪ್ಪಬೇಕಾದರೆ ದೂರದ ನೆಂಟರಿಗೆ "ಸತ್ತರು" ಅಂತ ಸುದ್ದಿ ಮುಟ್ಟಿಸಬೇಕು. ಅವರು ನಿಜ ಅಂತ ನಂಬಿ ಅಳಬೇಕು. ಆ ಕಣ್ಣೀರಲ್ಲಿ ಕಂಟಕ ಹರಿದು ಹೋಗುತ್ತದೆ. ಆಮೇಲೆ ಹೇಳಿದವರೇ ಮತ್ತೆ ಹೇಳಿ ಸುದ್ದಿ ವಾಪಸ್ ತಗೊಳ್ಳಬೇಕು.

ನಾನು ಹೆದರಿ ಅಳುತ್ತಿದ್ದರೆ ಅತ್ತೆಗೆ ಹುಮ್ಮಸ್ಸು. ನಮ್ಮ ಮನೆಯವರನ್ನು ಕರೆದು, "ಲೇ ಹುಲುಗಾ, ಹಚ್ಚು ಫೋನು. ಯಾರ್ಯಾರು ಎಷ್ಟೆಷ್ಟು ಅಳ್ತಾರ ನನಗೂ ಕೇಳಿಸು" ಅಂದಳು. ಅವರು ಹಡಗಲಿಗೆ ಕೊಟ್ಟ ಅತ್ತೆಯ ಮಗಳಿಗೆ, ಹಂಪಸಾಗರದ ಮಾರೇಶ ಮಾವನಿಗೆ, ಅಂದರೆ ಅತ್ತೆಯ ತಮ್ಮನಿಗೆ, ಫೋನ್ ಮಾಡಿದರು. ಮಾವನಂತೂ ಕೇಳಿದ ಕೂಡಲೇ ಬಸ್ಸು ಹತ್ತಿ ಹಾರ ತಗೊಂಡು ಬಂದುಬಿಟ್ಟ. ಬಾಗಿಲಲ್ಲೇ ಅತ್ತೆ, "ಯಾಕಲೇ ಮಾರೇಶ, ಯಾರು ಸತ್ರು?" ಅಂದಳು. ಅವನು ಹಾರವನ್ನು ನೆಲಕ್ಕೆ ಬಿಸಾಕಿ ಬೈದಾಡಿದ. ಹಾರವನ್ನು ನಮ್ಮ ಮೇಕೆ ತಿಂದಿತು. ಅಲ್ಲಿಗೆ ಎಲ್ಲ ಸುದ್ದಿಯೂ ವಾಪಸ್ ಬಂತು ಅಂದುಕೊಂಡಿದ್ದೆವು.

ಈಗ ನೋಡಿದರೆ ಒಂದು ಸುದ್ದಿ ವಾಪಸ್ ಬಂದಿಲ್ಲ. ಅದು ನಿಮ್ಮ ಹತ್ತಿರ ಇದೆ. ಅದಕ್ಕೇ ನೀವು ಸುಮ್ಮನೆ ಒಂದು ಪದ ಬಿಟ್ಟು ಅಚ್ಚು ಹಾಕಿದರೆ ಆಗುವುದಿಲ್ಲ. ಕದ್ದವನು ಕದ್ದ ಚೊಂಬನ್ನು ತನ್ನ ಮನೆಯಲ್ಲಿ ಬಚ್ಚಿಟ್ಟುಕೊಂಡರೆ ವಾಪಸ್ ಕೊಟ್ಟಂತೆ ಆಗುತ್ತದಾ? ನಾಡಿಗೆಲ್ಲ ಕೇಳುವ ಹಾಗೆ ಸತ್ತಳು ಅಂದ ಬಾಯೇ ನಾಡಿಗೆಲ್ಲ ಕೇಳುವ ಹಾಗೆ ಬದುಕಿದ್ದಾಳೆ ಅನ್ನಬೇಕು. ಅಲ್ಲಿಯ ತನಕ ಅತ್ತೆಯನ್ನು ಯಾರೂ ಮದುವೆಗೆ ಕರೆಯುವುದಿಲ್ಲ. ಯುಗಾದಿ ಆಯಿತು, ಲಗ್ನಗಳು ಶುರುವಾಗುತ್ತಿವೆ. ಊರ ಮೇಲೆ ಎಲ್ಲಿ ಚಪ್ಪರದ ಮೈಕು ಕೇಳಿದರೂ ಅತ್ತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ನಿಮ್ಮ ಕಪ್ಪು ಚೌಕಟ್ಟಿನಲ್ಲೇ ಹೋಗಿ ಕೂತಂತೆ ನನಗೆ ಕಾಣುತ್ತದೆ.

ಹೇಳಿದವರ ಹೆಸರು ಹೇಳುವುದಿಲ್ಲ ಅನ್ನುತ್ತೀರಿ. ನಾನು ಯಾರನ್ನು ಅನುಮಾನಿಸಲಿ? ಫೋನ್ ಹಚ್ಚಿದವರು ನಮ್ಮ ಮನೆಯವರೇ, ಅದಕ್ಕೆ ಅವರ ಜೊತೆ ಮಾತು ಬಿಟ್ಟಿದ್ದೇನೆ. ನಿನ್ನೆ ಸಾರಿಗೆ ಉಪ್ಪೂ ಹಾಕಲಿಲ್ಲ. "ನಾ ಅಲ್ಲ ಮಾರಾಯ್ತಿ, ಟಿವಿಯೋರ ನಂಬರ್ ನನ್ನತ್ರ ಎಲ್ಲೈತಿ" ಅಂತ ಸಪ್ಪೆ ಸಾರು ಉಂಡು ಎದ್ದು ಹೋದರು. ಅವರು ತಪ್ಪು ಮಾಡಿಲ್ಲದಿದ್ದರೆ ಆ ಪಾಪ ಯಾರಿಗೆ?

ಲಕ್ಷ್ಮಿದೇವಿ


ಬೆಂಗಳೂರು
೧೪ ಏಪ್ರಿಲ್ ೨೦೨೫

ಲಕ್ಷ್ಮಿದೇವಿಯವರೇ,

ಇದನ್ನು ಕಚೇರಿಯ ಹಾಳೆಯಲ್ಲಿ ಬರೆಯುತ್ತಿಲ್ಲ. ಮನೆಯಲ್ಲಿ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಮನೆಯವರ ಸಾರಿಗೆ ಉಪ್ಪು ಹಾಕಿ. ಫೋನ್ ಮಾಡಿದವರು ಅವರಲ್ಲ, ಹಂಪಸಾಗರದ ಮಾರೇಶ್. ಡಿಸೆಂಬರಿನಲ್ಲಿ ನಮ್ಮವರನ್ನು ನಿಮ್ಮ ಹಟ್ಟಿಗೆ ಕರೆತಂದವರು ಅವರೇ ಅಲ್ಲವೇ, ಆಗ ನಂಬರು ಕೊಟ್ಟಿದ್ದೆವು. ಬಸ್ಸಿನ ಸದ್ದಿನ ನಡುವೆ "ನಮ್ಮಕ್ಕ ಹೋದಳ್ರೀ, ಆಕಿ ಪದ ನಿಮ್ಮತ್ರ ಉಳಿದಾವ, ಜ್ವಾಪಾನ ಮಾಡ್ರಿ" ಎಂದು ಅತ್ತರು. ಒಡಹುಟ್ಟಿದವರು ಅಳುತ್ತ ಹೇಳಿದ ಸಾವನ್ನು ಯಾರಾದರೂ ವಿಚಾರಿಸುತ್ತಾರೆಯೇ? ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.

ಹಾಳೆಯಲ್ಲಿ "ದಿವಂಗತ" ಎಂದು ಹಾಕಿದವಳು ನಾನು. ಅದನ್ನೂ ನಿಮಗೆ ಹೇಳಿರಲಿಲ್ಲ. ಕಾರ್ಯಕ್ರಮದ ಮಾತುಗಳನ್ನು ಬರೆದುಕೊಳ್ಳಲು ನಿಮ್ಮ ಅತ್ತೆಯ ಹಾಡುಗಳನ್ನು ಮತ್ತೆ ಮತ್ತೆ ಕೇಳಿದ್ದೆ. ನನ್ನ ಮದುವೆಯಲ್ಲಿ ಯಾರೂ ಹಾಡಿರಲಿಲ್ಲ, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಹೊರಗೆ ಬಂದಿದ್ದೆವು. ಆ ದನಿ ಕೇಳುವಾಗ ನನಗೇ ಅರಿಶಿಣ ಹಚ್ಚಿದಂತಾಗುತ್ತಿತ್ತು. ಮಾರೇಶ್ ಫೋನಿಟ್ಟ ಮೇಲೆ ಹೆಡ್‌ಫೋನ್ ಹಾಕಿಕೊಂಡೇ ಅತ್ತುಬಿಟ್ಟೆ. ಪಕ್ಕದವರು ಚಹಾ ತಂದುಕೊಟ್ಟರು.

ಕಾಗೆಯ ವಿಷಯ ಓದಿ ನಾನು ನಗಲಿಲ್ಲ. ನಮ್ಮ ಮೇಲಧಿಕಾರಿ ನಕ್ಕರು. "ಕಾಗೆ ಕೂತಿದ್ದಕ್ಕೆ ಸ್ಪಷ್ಟನೆ ಕೊಡುವ ಸರ್ಕಾರಿ ಟಿವಿ ಎಲ್ಲಾದರೂ ಇದೆಯೇನಮ್ಮ?" ಎಂದರು. "ಕಾಗೆಗೆ ಅಲ್ಲ ಸಾರ್, ನಾವು ಸುಳ್ಳು ಹೇಳಿದ್ದಕ್ಕೆ" ಎಂದೆ. ಪಂಚಾಯಿತಿಯ ಬಿಳಿ ಹಾಳೆಯನ್ನು ಮುಂದಿಟ್ಟೆ. ಒಪ್ಪಿದ್ದಾರೆ. ಮೇ ತಿಂಗಳ ಹಾಳೆಯಲ್ಲಿ "ಬೀಸುಕಲ್ಲಿನ ದನಿ" ಮೊದಲನೆಯದು. ೧೮ರ ಭಾನುವಾರ ಸಂಜೆ ಪ್ರಸಾರ. ಶುರುವಿನಲ್ಲೇ, ಮೊದಲು ಓದಿದ ಅದೇ ಹೆಣ್ಣುಮಗಳು, ಎರ್ರೆಮ್ಮ ಅವರು ಬದುಕಿದ್ದಾರೆ, ನಾವು ತಪ್ಪು ಹೇಳಿದ್ದೆವು ಎಂದು ಹೇಳುತ್ತಾಳೆ.

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರು ಸ್ವೀಕರಿಸುತ್ತಾರೋ ಇಲ್ಲವೋ.

ದಾಕ್ಷಾಯಣಮ್ಮ


ಗುಡ್ಡದಹಟ್ಟಿ
೫ ಮೇ ೨೦೨೫

ದಾಕ್ಷಾಯಣಮ್ಮ ಅಕ್ಕ,

ಸಾರಿಗೆ ಉಪ್ಪು ಹಾಕಿದೆ. ನಮ್ಮ ಮನೆಯವರು ಒಂದು ತುತ್ತು ಉಂಡು, "ಯಾರು ಸಿಕ್ರು?" ಅಂತಷ್ಟೇ ಕೇಳಿದರು.

ಮಾರೇಶ ಮಾವನನ್ನು ಕರೆಸಿದೆವು. ಅವನು ಬರುವ ಮೊದಲೇ ನನಗೆ ಹೆದರಿಕೆ, ಅಕ್ಕ ತಮ್ಮ ಕಡಿದಾಡಿಕೊಂಡರೆ ಅಂತ ಕುಡುಗೋಲು, ಕೊಡತಿ ಎಲ್ಲ ತೆಗೆದಿಟ್ಟಿದ್ದೆ. ಅತ್ತೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ,

"ಊರಿಗೆಲ್ಲ ಹೇಳಿದ್ದು ಸಾಲದು ಅಂತ ಟಿವಿಗೂ ಹೇಳಿದೇನಲೇ?" ಅಂದಳು.

"ನೀ ಸತ್ತೀ ಅಂತ ಹೇಳಿದೋರು ನೀವ ಅಲ್ಲೇನು!"

"ಆಮ್ಯಾಲೆ ಬದುಕೀನಿ ಅಂತ ನೋಡಿದಿ ಅಲ್ಲ? ಆಗ ಯಾಕ ಅವ್ರಿಗೆ ಹೇಳಲಿಲ್ಲ?"

ಮಾವ ಟವೆಲ್ಲಿನ ಅಂಚು ತಿರುವಿದ. "ಏನಂತ ಹೇಳ್ಲಿ ಅಕ್ಕ? ಅಷ್ಟು ದೊಡ್ಡ ಆಫೀಸಿನಾಗ ಬಾಯಿ ಬಿಟ್ಟು ಅತ್ತೀನಿ. ತಿರುಗಿ ಫೋನ್ ಮಾಡಿ, ಇಲ್ರೀ, ಕಾಗಿ ಕುಂತಿತ್ತು ಅನ್ನಾಕ ನಾಚಿಕಿ ಬಂತು."

ನನಗೆ ಮೈ ಉರಿಯಿತು. ಅವನ ನಾಚಿಕೆಗೆ ಅತ್ತೆಯ ಲಗ್ನಗಾಲ ಅರ್ಧ ಹೋಯಿತು. ಬಾಯಿಗೆ ಬಂದಂತೆ ಬೈದೆ, ಮಾವ ಅಂತಲೂ ನೋಡಲಿಲ್ಲ. ಅತ್ತೆ ಮಾತ್ರ ಬೈಯಲಿಲ್ಲ. "ಬಿಡು ಲಕ್ಷ್ಮೀ, ನಾಚಿಕಿ ಬರೋವಷ್ಟು ಅತ್ತಾನಲ್ಲ," ಅಂದಳು. ಆಮೇಲೆ ನಿಮ್ಮ ಕಾಗದವನ್ನು ಮತ್ತೆ ಓದಿಸಿದಳು. ನೀವು ಅತ್ತದ್ದು ಬಂದಾಗ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಆಕಿ ನಮಗ ಏನಾಗಬೇಕು?"

"ಏನೂ ಆಗಬೇಕಿಲ್ಲ ಅತ್ತಿ."

"ಏನೂ ಆಗದಾಕಿ ಅತ್ತಾಳ. ಹಡಗಲ್ಯಾಕಿ, ನಾ ಹಡದಾಕಿ, ಫೋನಿನಾಗ ಮೊದಲು ಕೇಳಿದ್ದು ನನ್ನ ಕಿವೀನ ಬೆಂಡೋಲಿ ಯಾರಿಗೆ ಅಂತ. ಈಕಿ ಕಣ್ಣೀರೇ ನನ್ನ ಕಂಟಕ ತೆಗೆದಿದ್ದು ಅಂತ ಬರಿ." ಬರೆದಿದ್ದೇನೆ. ನಮಸ್ಕಾರ ಸ್ವೀಕರಿಸಿದ್ದಾಳೆ ಅಂತಲೂ ಬರೆ ಅಂದಳು. ಶಾಲನ್ನು ಒಗೆದಿದ್ದಾಳೆ, ಹುಣಸೆ ಕಲೆ ಹೋಗಿಲ್ಲ.

ಆದರೆ ಅಕ್ಕ, ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಯಾಕೆ ಅಂತ ಕೇಳಿ. ನಿಮ್ಮ ಮೇ ತಿಂಗಳ ಹಾಳೆ ಬಂತು. ಕಪ್ಪು ಚೌಕಟ್ಟು ಇಲ್ಲ. ಆ ಪದ ಇಲ್ಲ. "ನಮ್ಮ ನಡುವೆ ಇರುವ ಎರ್ರೆಮ್ಮ" ಅಂತ ಇದೆ. ನಾನು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದೆ. ಹಾಳೆಯನ್ನು ನೋಡಿ ಕೊಟ್ಟೂರಿನಿಂದ ಬೀರಲಿಂಗೇಶ್ ಅನ್ನುವವರು ವೀಳ್ಯ ತಂದರು. ತಂಗಿಯ ಮದುವೆಯಂತೆ, ಅರಿಶಿಣ ಅದೇ ೧೮ರ ಸಂಜೆ. ಆದರೆ ಮನೆಯ ಹಿರಿಯರು ಒಂದು ಮಾತು ಹಾಕಿದ್ದಾರೆ. ಚಪ್ಪರದಲ್ಲಿ ಟಿವಿ ಇಡುತ್ತಾರೆ. ನಿಮ್ಮ ಹೆಣ್ಣುಮಗಳು ಎಲ್ಲರ ಮುಂದೆ ಬದುಕಿದ್ದಾಳೆ ಅಂದ ಮೇಲೆಯೇ ಅತ್ತೆ ಪದ ಎತ್ತಬೇಕು, ಆಮೇಲೆಯೇ ಮದುಮಗಳಿಗೆ ಅರಿಶಿಣ ಮುಟ್ಟಿಸಬೇಕು. ಏಳೂವರೆಗೆ ಅರಿಶಿಣದ ಹೊತ್ತು ಮೀರುತ್ತದೆ ಅಂತ ಅವರ ಐನೋರು ಪಂಚಾಂಗ ನೋಡಿ ಹೇಳಿದ್ದಾರೆ.

ಅತ್ತೆ ಅದಕ್ಕೂ ಒಪ್ಪಿದಳು, ಬೀರಲಿಂಗೇಶ್ ಅವರಿಗೆ ಒಂದು ಮಾತು ಹೇಳಿ: "ಆಕಿ ಬದುಕ್ಯಾಳ ಅಂದ ಕೂಡ್ಲೆ ಟಿವಿ ಆರಿಸಿಬಿಡ್ರಿ. ಒಂದು ಚಪ್ಪರದಾಗ ಇಬ್ಬರು ಎರ್ರೆಮ್ಮ ಬ್ಯಾಡ. ಒಳಗಿನಾಕಿ ನಾಳಿ ಹಾಡ್ಲಿ." ನಿನ್ನೆಯಿಂದ ಹುಣಸೆ ಕುಟ್ಟುವಾಗ ಬಾಯಲ್ಲಿ ಪದ ಬಂದಿದೆ. ದನಿ ಸ್ವಲ್ಪ ಒರಟಾಗಿದೆ. ಹದಿನೆಂಟರ ಹೊತ್ತಿಗೆ ಸರಿಯಾಗುತ್ತದೆ ಅನ್ನುತ್ತಾಳೆ. ಆಗದಿದ್ದರೆ ಅಂತ ನಾನು ಶುಂಠಿ ಕುಟ್ಟಿ ಕೊಡುತ್ತಿದ್ದೇನೆ.

ಈಗ ನೀವೇ ಹೇಳಿ, ಇಷ್ಟೆಲ್ಲ ಆದಮೇಲೂ ನಿಮ್ಮವರು ಹೀಗೆ ಮಾಡಬಹುದಾ? ಹಾಳೆಯ ಮುಂದಿನ ಮಗ್ಗುಲಲ್ಲಿ ಸಂಜೆ ಏಳು ಗಂಟೆಗೆ ಅಂತಿದೆ. ಹಿಂದಿನ ಮಗ್ಗುಲಲ್ಲಿ, ಅದೇ ಕಾರ್ಯಕ್ರಮಕ್ಕೆ, ಏಳೂವರೆ ಅಂತಿದೆ. ನನ್ನ ಕಣ್ಣು ತಪ್ಪಿರಬಹುದು ಅಂತ ನಮ್ಮ ಮನೆಯವರಿಗೂ ತೋರಿಸಿದೆ. ಅವರಿಗೂ ಹಾಗೇ ಕಾಣುತ್ತದೆ. ಮದುಮಗಳು ಮಣೆಯ ಮೇಲೆ ಕೂತಿರುತ್ತಾಳೆ, ಅತ್ತೆ ಬಾಯಿ ತೆರೆಯಲು ಕಾಯುತ್ತಿರುತ್ತಾಳೆ. ಅಕ್ಕ, ಏಳೋ, ಏಳೂವರೆಯೋ, ಅದೊಂದನ್ನು ಮತ್ತೊಮ್ಮೆ ನೋಡಿ ಬರೆಯಿರಿ.

ನಿಮ್ಮ,
ಲಕ್ಷ್ಮಿದೇವಿ